ಕೆನಡಾದ ಪದವಿ: ಯಾವ ದಾರಿಗೆ ಎಷ್ಟು ದುಡ್ಡು, ಯಾರಿಗೆ ಯಾವುದು

ಹೋದ ವರ್ಷ ಮೇ ತಿಂಗಳಲ್ಲಿ ತಿಪಟೂರಿನಿಂದ ಒಬ್ಬರು ಫೋನ್ ಮಾಡಿದ್ದರು. ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಳು. ಕೈಯಲ್ಲಿ ಕೆನಡಾದ ಮೂರು ಆಫರ್ ಲೆಟರ್ ಇದ್ದವು. ಟೊರೊಂಟೊದ್ದೊಂದು, ವ್ಯಾಂಕೂವರ್ ಕಡೆಯ ಕಾಲೇಜಿನದೊಂದು, ಅವರು ಹೆಸರೇ ಕೇಳಿರದ ಸಣ್ಣ ಊರಿನದೊಂದು. "ಮೇಡಂ, ಮೂರರಲ್ಲಿ ಅಗ್ಗದ್ದು ಯಾವುದು ಹೇಳಿಬಿಡಿ. ತೋಟದ ಮೇಲೆ ಸಾಲ ಎತ್ತಬೇಕು" ಅಂದರು. ಮೂರೂ ಪತ್ರದಲ್ಲಿದ್ದ ಮೊದಲ ವರ್ಷದ ಫೀಸನ್ನು ಒಂದೊಂದಾಗಿ ಓದಿದರು. ಅಷ್ಟು ಕೇಳಿಯೂ ನನಗೆ ಉತ್ತರ ಕೊಡಲಾಗಲಿಲ್ಲ. ಆಫರ್ ಲೆಟರಿನಲ್ಲಿ ಇರುವುದು ಒಂದು ವರ್ಷದ ಫೀಸು. ತೋಟ ಅಡವಿಡುವವರಿಗೆ ಬೇಕಾದದ್ದು ಪದವಿ ಪ್ರಮಾಣಪತ್ರ ಕೈಗೆ ಬರುವ ದಿನದವರೆಗಿನ ಒಟ್ಟು ಖರ್ಚು.

ನಾನು ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಓದಿ, ಕೆನಡಾದ ಸ್ಯಾಸ್ಕಟೂನಿಗೆ ಬಂದು ಎಂಎಸ್ಸಿ ಮಾಡಿದವಳು. ಇಂಥ ಫೋನು ತಿಂಗಳಿಗೆ ಎರಡು ಮೂರಾದರೂ ಬರುತ್ತವೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಲೆಕ್ಕದ ಅನುಕೂಲಕ್ಕೆ ಕೆನಡಾ ಡಾಲರ್ ಒಂದಕ್ಕೆ 65 ರೂಪಾಯಿ ಹಿಡಿದಿದ್ದೇನೆ. ಫೀಸಿನ ಅಂಕಿಗಳು ಅಂದಾಜಿನವು, ಪ್ರತಿ ವರ್ಷ ಏರುವಂಥವು. ನಿಮ್ಮ ಕೋರ್ಸಿನದನ್ನು ಆಯಾ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೇ ನೋಡಬೇಕು.

ಮೊದಲು ಅಳತೆಗೋಲು

ಯಾವ ದಾರಿಯನ್ನೇ ತೂಗಿ, ಐದು ವಿಷಯ ಮುಂದಿಟ್ಟುಕೊಂಡು ತೂಗಿ. ಕೊನೆಯವರೆಗಿನ ಒಟ್ಟು ಖರ್ಚು ಎಷ್ಟು? ಹೊರಡುವ ಮೊದಲು ಎಷ್ಟು ದುಡ್ಡು ತೋರಿಸಬೇಕು? ಪದವಿ ಆದ ಮೇಲೆ ಅಲ್ಲಿ ಕೆಲಸ ಮಾಡಲು ಪರ್ಮಿಟ್ ಸಿಗುತ್ತದೆಯೇ? ನಡುವೆ ಏನಾದರೂ ಕೈಕೊಟ್ಟರೆ ಕಳೆದುಕೊಳ್ಳುವುದು ಎಷ್ಟು? ಆ ಊರಿನಲ್ಲಿ ಒಂದು ತಿಂಗಳು ಬದುಕಲು ಎಷ್ಟು ಬೇಕು?

ತೋರಿಸಬೇಕಾದ ದುಡ್ಡಿನ ವಿಷಯದಲ್ಲಿ ಹಳೆಯ ಮಾಹಿತಿ ನಂಬಿ ಮೋಸ ಹೋದವರು ಬಹಳ. 2023ರ ಕೊನೆಯವರೆಗೆ ಒಬ್ಬ ವಿದ್ಯಾರ್ಥಿ ಜೀವನ ಖರ್ಚಿಗೆಂದು 10,000 ಡಾಲರ್ ತೋರಿಸಿದರೆ ಸಾಕಿತ್ತು. 2024ರ ಜನವರಿಯಿಂದ ಅದು 20,635 ಆಯಿತು, 2025ರ ಸೆಪ್ಟೆಂಬರ್ 1ರಿಂದ 22,895. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 15 ಲಕ್ಷ. ಇದರ ಮೇಲೆ ಮೊದಲ ವರ್ಷದ ಪೂರ್ತಿ ಫೀಸು, ಹೋಗಿ ಬರುವ ಖರ್ಚು. ಕ್ವಿಬೆಕ್ ಪ್ರಾಂತ್ಯದ ನಿಯಮ ಬೇರೆ.

ಓದಲು ಹೋಗುವುದಕ್ಕೆ ಬೇಕಾದ ಸ್ಟಡಿ ಪರ್ಮಿಟ್ ಸಿಗುವುದೂ ಮೊದಲಿನಷ್ಟು ಸಲೀಸಲ್ಲ. 2024ರ ಜನವರಿಯಲ್ಲಿ ಕೆನಡಾ ಸರ್ಕಾರ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿತು. ಈಗ ಬಹುತೇಕರ ಅರ್ಜಿಯ ಜೊತೆ ಆಯಾ ಪ್ರಾಂತ್ಯದ ದೃಢೀಕರಣ ಪತ್ರ ಬೇಕು. ಭಾರತದವರಿಗೆ ಬೇಗ ತೀರ್ಮಾನ ಸಿಗುತ್ತಿದ್ದ ಎಸ್‌ಡಿಎಸ್ ಎಂಬ ದಾರಿ 2024ರ ನವೆಂಬರ್ 8ಕ್ಕೆ ಮುಚ್ಚಿತು. 2025ರ ಆಗಸ್ಟ್‌ನಲ್ಲಿ ಭಾರತದ ವಿದ್ಯಾರ್ಥಿಗಳ ಅರ್ಜಿಗಳಲ್ಲಿ ಸುಮಾರು ನಾಲ್ಕಕ್ಕೆ ಮೂರು ತಿರಸ್ಕಾರವಾದವು. 2026ಕ್ಕೆ ಹೊಸದಾಗಿ ಬರುವವರ ಗುರಿಯನ್ನು 1,55,000ಕ್ಕೆ ಇಳಿಸಿದ್ದಾರೆ. ಅದಕ್ಕೇ ಮುಂಗಡ ಫೀಸು ಕಟ್ಟುವ ಮೊದಲು, ಪರ್ಮಿಟ್ ಸಿಗದಿದ್ದರೆ ಎಷ್ಟು ವಾಪಸ್ ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಪಾರ್ಟ್‌ಟೈಮ್ ಕೆಲಸದ ದುಡ್ಡನ್ನು ಫೀಸಿನ ಲೆಕ್ಕಕ್ಕೆ ಸೇರಿಸಬೇಡಿ. ತರಗತಿ ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಮ್ಯಾನಿಟೋಬಾದಲ್ಲಿ ಕನಿಷ್ಠ ಕೂಲಿ ಗಂಟೆಗೆ 16 ಡಾಲರ್. 24 ಗಂಟೆ ಪೂರ್ತಿ ಸಿಕ್ಕರೂ ವಾರಕ್ಕೆ 384. ಹೊಸದಾಗಿ ಬಂದವರಿಗೆ ಮೊದಲ ಮೂರು ನಾಲ್ಕು ತಿಂಗಳು ಅಷ್ಟು ಗಂಟೆಯೂ ಸಿಗುವುದಿಲ್ಲ. ಆ ದುಡ್ಡು ಬಾಡಿಗೆಗೆ, ದಿನಸಿಗೆ ಆಗಬಹುದು. ಫೀಸಿಗೆ ಆಗುವುದಿಲ್ಲ. ಫೀಸಿಗೆಂದು ರಾತ್ರಿ ಪಾಳಿ ಹಿಡಿದು, ಬೆಳಿಗ್ಗೆ ತರಗತಿಯಲ್ಲಿ ತೂಗಡಿಸಿ, ಎರಡು ವಿಷಯ ಫೇಲಾದ ಹುಡುಗರನ್ನು ಕಣ್ಣಾರೆ ನೋಡಿದ್ದೇನೆ. ಫೇಲಾದ ವಿಷಯಕ್ಕೆ ಮತ್ತೆ ಪೂರ್ತಿ ಫೀಸು ಕಟ್ಟಬೇಕು.

ದೊಡ್ಡ ಊರು, ದೊಡ್ಡ ಹೆಸರು

ಟೊರೊಂಟೊ ವಿಶ್ವವಿದ್ಯಾಲಯದ ಆರ್ಟ್ಸ್ ಅಂಡ್ ಸೈನ್ಸ್ ವಿಭಾಗದಲ್ಲಿ ವಿದೇಶಿ ವಿದ್ಯಾರ್ಥಿಯ ಫೀಸು ವರ್ಷಕ್ಕೆ 60 ಸಾವಿರ ಡಾಲರ್ ದಾಟಿದೆ. ವಾಟರ್ಲೂ ಎಂಜಿನಿಯರಿಂಗ್ ಅದಕ್ಕೂ ಮೇಲೆ. ವ್ಯಾಂಕೂವರಿನ ಯುಬಿಸಿಯಲ್ಲಿ, ಅಂದರೆ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 45 ಸಾವಿರದಿಂದ ಮೇಲಕ್ಕೆ. ಟೊರೊಂಟೊದಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ ತಿಂಗಳಿಗೆ ಸಾವಿರ ಡಾಲರ್ ಹೋಗುತ್ತದೆ. ನಾಲ್ಕು ವರ್ಷಕ್ಕೆ ಫೀಸು 2,40,000, ಬದುಕಲು 88,000 ಎಂದರೆ ಎರಡು ಕೋಟಿ ರೂಪಾಯಿಯ ಮೇಲೆ. ಇದು ಫೀಸು ಏರದೇ ಇದ್ದರೆ.

ಹಾಗಾದರೆ ಇದು ಯಾರಿಗೆ? ದುಡ್ಡಿರುವವರಿಗೆ, ಇಲ್ಲವೇ ಪೂರ್ಣ ವಿದ್ಯಾರ್ಥಿವೇತನ ಸಿಕ್ಕವರಿಗೆ. ಟೊರೊಂಟೊದ ಲೆಸ್ಟರ್ ಬಿ. ಪಿಯರ್ಸನ್ ವಿದ್ಯಾರ್ಥಿವೇತನ ನಾಲ್ಕು ವರ್ಷದ ಫೀಸು, ಪುಸ್ತಕ, ಹಾಸ್ಟೆಲ್ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಸಿಗುವುದು ವರ್ಷಕ್ಕೆ ಇಡೀ ಜಗತ್ತಿನಿಂದ ಸುಮಾರು 37 ಜನರಿಗೆ. ಅದಕ್ಕೆ ವಿದ್ಯಾರ್ಥಿ ಓದಿದ ಕಾಲೇಜೇ ಹೆಸರು ಸೂಚಿಸಬೇಕು. ನಮ್ಮ ಎಷ್ಟೋ ಪಿಯು ಕಾಲೇಜುಗಳಿಗೆ ಈ ವಿಷಯವೇ ಗೊತ್ತಿಲ್ಲ. ಮಗು ಎರಡನೇ ಪಿಯುಸಿಗೆ ಕಾಲಿಡುವಾಗಲೇ ಪ್ರಾಂಶುಪಾಲರ ಹತ್ತಿರ ಹೋಗಿ ಮಾತಾಡಬೇಕು. ವಾಟರ್ಲೂವಿನ ಕೋಆಪ್ ವ್ಯವಸ್ಥೆ, ಅಂದರೆ ಓದಿನ ನಡುನಡುವೆ ನಾಲ್ಕು ತಿಂಗಳು ಸಂಬಳದ ಕೆಲಸ, ಅಲ್ಲಿ 1957ರಿಂದಲೂ ಇದೆ. ಅದು ನಿಜಕ್ಕೂ ಒಳ್ಳೆಯದು. ಆದರೆ ಅದನ್ನು ನಂಬಿ ಸಾಲ ಎತ್ತುವ ಮನೆಯವರಿಗೆ ನಾನು ಹೇಳುವುದಿಷ್ಟೇ: ಮೊದಲ ವರ್ಷದ ಫೀಸು ಕೋಆಪ್ ಸಂಬಳ ಬರುವ ಮೊದಲೇ ಕಟ್ಟಬೇಕು.

ಸಣ್ಣ ಊರಿನ ಸರ್ಕಾರಿ ವಿಶ್ವವಿದ್ಯಾಲಯ

ಆ ತಂದೆ ಹೆಸರು ಕೇಳಿರದ ಊರು ಈ ಗುಂಪಿಗೆ ಸೇರಿದ್ದು. ವಿನಿಪೆಗ್, ಬ್ರ್ಯಾಂಡನ್, ರಿಜೈನಾ, ಪ್ರಿನ್ಸ್ ಜಾರ್ಜ್, ಅಟ್ಲಾಂಟಿಕ್ ತೀರದ ಸೇಂಟ್ ಜಾನ್ಸ್, ಕೇಪ್ ಬ್ರೆಟನ್ ದ್ವೀಪದ ಸಿಡ್ನಿ. ಇಲ್ಲೆಲ್ಲ ಸಾರ್ವಜನಿಕ ವಿಶ್ವವಿದ್ಯಾಲಯಗಳಿವೆ. ಕೊಡುವ ಪದವಿಗೆ ಕೆನಡಾದಲ್ಲಿ ಪೂರ್ಣ ಮಾನ್ಯತೆ ಇದೆ. ಫೀಸು ಬಹುತೇಕ 20ರಿಂದ 25 ಸಾವಿರ ಡಾಲರಿನ ಆಸುಪಾಸು.

ಇಲ್ಲಿ ಒಂದು ಎಚ್ಚರಿಕೆ. ಸೇಂಟ್ ಜಾನ್ಸ್‌ನ ಮೆಮೋರಿಯಲ್ ವಿಶ್ವವಿದ್ಯಾಲಯ ವರ್ಷಾನುಗಟ್ಟಲೆ "ಕೆನಡಾದ ಅತ್ಯಂತ ಅಗ್ಗದ್ದು" ಎಂದೇ ಹೆಸರಾಗಿತ್ತು. ವಿದೇಶಿ ವಿದ್ಯಾರ್ಥಿಗೆ ಸುಮಾರು 11,500 ಡಾಲರ್ ಇತ್ತು. 2022ರಿಂದ ಹೊಸದಾಗಿ ಸೇರುವವರಿಗೆ ಅದು 20 ಸಾವಿರ ದಾಟಿತು. ಹಳೆಯ ಯೂಟ್ಯೂಬ್ ವಿಡಿಯೋಗಳಲ್ಲಿ, ಹಳೆಯ ಪಟ್ಟಿಗಳಲ್ಲಿ ಈಗಲೂ ಹಳೆಯ ಅಂಕಿಯೇ ಓಡಾಡುತ್ತಿದೆ.

ಈಗ ಪೂರ್ತಿ ಲೆಕ್ಕ ಹಾಕೋಣ. ಮೊದಲ ವರ್ಷ 22,000 ಡಾಲರ್ ಫೀಸು, ವರ್ಷಕ್ಕೆ ನೂರಕ್ಕೆ ಐದರಂತೆ ಏರಿಕೆ. ಎರಡನೇ ವರ್ಷ 23,100, ಮೂರನೇ ವರ್ಷ 24,255, ನಾಲ್ಕನೇ ವರ್ಷ 25,468. ಒಟ್ಟು ಸುಮಾರು 95 ಸಾವಿರ. ನಾಲ್ಕರಿಂದ ಸುಮ್ಮನೆ ಗುಣಿಸಿದ್ದರೆ 88 ಸಾವಿರ ಬರುತ್ತಿತ್ತು. ನಡುವಿನ ಏಳು ಸಾವಿರವೇ ನಾಲ್ಕೂವರೆ ಲಕ್ಷ ರೂಪಾಯಿ. ಕೋಣೆಗೆ 600, ಊಟಕ್ಕೆ 300, ಬಸ್ಸು, ಫೋನು, ಬಟ್ಟೆ, ಔಷಧಿ ಎಲ್ಲ ಸೇರಿ 300 ಎಂದರೆ ತಿಂಗಳಿಗೆ 1,200, ನಾಲ್ಕು ವರ್ಷಕ್ಕೆ 57,600. ಒಟ್ಟು ಮೊತ್ತ ಒಂದೂವರೆ ಲಕ್ಷ ಡಾಲರ್ ದಾಟುತ್ತದೆ. ಅಂದರೆ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ.

"ಅಗ್ಗದ" ದಾರಿಯೇ ಒಂದು ಕೋಟಿ. ಇದನ್ನು ಕೇಳಿ ಫೋನಿನ ಆ ಕಡೆ ಸದ್ದೇ ಇಲ್ಲದಂತಾಗುವುದು ನನಗೆ ಅಭ್ಯಾಸವಾಗಿಹೋಗಿದೆ. ಆದರೂ ಹೇಳಲೇಬೇಕು. ಅದರಲ್ಲಿ 50 ಲಕ್ಷವನ್ನು ಶೇ 10.5 ಬಡ್ಡಿಗೆ ಹತ್ತು ವರ್ಷಕ್ಕೆ ಸಾಲ ಮಾಡಿದರೆ ಕಂತು ತಿಂಗಳಿಗೆ 67 ಸಾವಿರ ಚಿಲ್ಲರೆ. ಓದುವ ವರ್ಷಗಳಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ.

ಒಳ್ಳೆಯ ಅಂಶಗಳೂ ಇವೆ. ಸ್ಯಾಸ್ಕ್ಯಾಚವಾನ್, ಆಲ್ಬರ್ಟಾ, ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯಗಳಲ್ಲಿ ವಿದ್ಯಾರ್ಥಿಗಳಿಗೂ ಸರ್ಕಾರಿ ಆರೋಗ್ಯ ಕಾರ್ಡು ಸಿಗುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಾದರೆ ಅದಕ್ಕೆ ತಿಂಗಳಿಗೆ 75 ಡಾಲರ್ ಕಟ್ಟಬೇಕು. ಒಂಟಾರಿಯೊದ ವಿಶ್ವವಿದ್ಯಾಲಯಗಳಲ್ಲಿ ಬೇರೆ ವಿಮೆ ಕಡ್ಡಾಯ. ತರಗತಿಗಳು ಸಣ್ಣವು, ಪ್ರೊಫೆಸರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗುತ್ತದೆ. ಕಷ್ಟವೆಂದರೆ ಚಳಿ ಮತ್ತು ಕೆಲಸ. ಪ್ರೇರಿ ಪ್ರಾಂತ್ಯಗಳಲ್ಲಿ, ಅಂದರೆ ಬಯಲು ಸೀಮೆಯ ಮ್ಯಾನಿಟೋಬಾ, ಸ್ಯಾಸ್ಕ್ಯಾಚವಾನ್, ಆಲ್ಬರ್ಟಾಗಳಲ್ಲಿ, ಜನವರಿಯಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದು ಮಾಮೂಲು. ನನ್ನ ಮೊದಲ ಚಳಿಗಾಲದಲ್ಲಿ ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತದ್ದಕ್ಕೆ ಕಣ್ಣಿನ ರೆಪ್ಪೆಯ ಕೂದಲು ಒಂದಕ್ಕೊಂದು ಅಂಟಿಕೊಂಡಿತ್ತು. ಕೈಗವಸು ತೆಗೆದು ಬೆರಳಲ್ಲಿ ಒರೆಸಲು ಹೋದೆ, ಬೆರಳಿನ ಸ್ಪರ್ಶವೇ ಹೋಯಿತು. ಒಳ್ಳೆಯ ಕೋಟು, ಬೂಟು, ಕೈಗವಸಿಗೆ ಮೊದಲ ತಿಂಗಳೇ 400-500 ಡಾಲರ್ ಎತ್ತಿಡಿ. ಬೆಂಗಳೂರಿನಲ್ಲಿ ಕೊಂಡ ಸ್ವೆಟರ್ ಆ ಚಳಿಗೆ ಏನೇನೂ ಸಾಲದು.

ಎರಡು ವರ್ಷ ಕಾಲೇಜು, ಎರಡು ವರ್ಷ ವಿಶ್ವವಿದ್ಯಾಲಯ

ಬ್ರಿಟಿಷ್ ಕೊಲಂಬಿಯಾದ ಈ ವ್ಯವಸ್ಥೆ ನನಗೆ ಬಹಳ ಇಷ್ಟ. ವ್ಯಾಂಕೂವರಿನ ಲಂಗಾರಾದಂಥ ಸರ್ಕಾರಿ ಕಾಲೇಜಿನಲ್ಲಿ ಮೊದಲ 60 ಕ್ರೆಡಿಟ್, ಅಂದರೆ ಎರಡು ವರ್ಷದ ಓದು ಮುಗಿಸಿ, ಮೂರನೇ ವರ್ಷಕ್ಕೆ ಯುಬಿಸಿಗೋ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯಕ್ಕೋ ಸೇರಬಹುದು. ಪದವಿ ಪತ್ರದಲ್ಲಿ ಇರುವುದು ವಿಶ್ವವಿದ್ಯಾಲಯದ ಹೆಸರೇ.

ಯಾವ ಕೋರ್ಸಿಗೆ ಎಲ್ಲಿ ಎಷ್ಟು ಕ್ರೆಡಿಟ್ ಎಂಬುದನ್ನು ಬಿಸಿ ಟ್ರಾನ್ಸ್‌ಫರ್ ಗೈಡ್ ಎಂಬ ವೆಬ್‌ಸೈಟಿನಲ್ಲಿ ಸಾಲುಸಾಲಾಗಿ ಕೊಟ್ಟಿದ್ದಾರೆ. ಅದನ್ನು ಓದುವ ಬಗೆ ಹೇಳುತ್ತೇನೆ. ಕಾಲೇಜಿನ ಗಣಿತದ ಒಂದು ಕೋರ್ಸು ಹುಡುಕಿ. ಎದುರಿಗೆ ವಿಶ್ವವಿದ್ಯಾಲಯದ ಕೋರ್ಸ್ ಸಂಖ್ಯೆಯೇ ಇದ್ದರೆ ಅದು ಪೂರ್ತಿ ಸರಿಸಮ. ಸಂಖ್ಯೆಯ ಬದಲು ಬರೀ "ಮೊದಲ ವರ್ಷದ ಗಣಿತ, 3 ಕ್ರೆಡಿಟ್" ಎನ್ನುವ ಅರ್ಥದಲ್ಲಿ ಇದ್ದರೆ ಆ ಕ್ರೆಡಿಟ್ ಒಟ್ಟು ಲೆಕ್ಕಕ್ಕೆ ಸೇರುತ್ತದೆ, ಆದರೆ ಮುಂದಿನ ಕೋರ್ಸಿಗೆ ಬೇಕಾದ ಪೂರ್ವ ಅರ್ಹತೆಗೆ ಸಾಲದೇ ಹೋಗಬಹುದು. "ಕ್ರೆಡಿಟ್ ಇಲ್ಲ" ಅಂತಿದ್ದರೆ ಆ ಫೀಸು ನೀರಿಗೆ ಹಾಕಿದಂತೆ. ಸೇರುವ ಮೊದಲೇ 20 ಕೋರ್ಸುಗಳ ಪಟ್ಟಿ ಮಾಡಿ ಒಂದೊಂದನ್ನೂ ಹೀಗೆ ನೋಡಿ. ಒಂದು ಸಂಜೆಯ ಕೆಲಸ, ಒಂದಿಡೀ ಸೆಮಿಸ್ಟರಿನ ದುಡ್ಡು ಉಳಿಯುತ್ತದೆ.

ಉಳಿತಾಯ ಎಷ್ಟು? ಕಾಲೇಜಿನಲ್ಲಿ ವರ್ಷಕ್ಕೆ 21 ಸಾವಿರ, ವಿಶ್ವವಿದ್ಯಾಲಯದಲ್ಲಿ 35 ಸಾವಿರ ಎಂದು ಹಿಡಿದರೆ ನಾಲ್ಕು ವರ್ಷವೂ ವಿಶ್ವವಿದ್ಯಾಲಯದಲ್ಲೇ ಓದುವುದಕ್ಕಿಂತ 28 ಸಾವಿರ ಡಾಲರ್ ಕಡಿಮೆ. ಅಂದರೆ 18 ಲಕ್ಷ. ಆದರೆ ವ್ಯಾಂಕೂವರಿನ ಬಾಡಿಗೆ ಇದರಲ್ಲಿ ಒಳ್ಳೆಯ ಪಾಲನ್ನು ತಿನ್ನುತ್ತದೆ. ಬದುಕಲು ವರ್ಷಕ್ಕೆ 20 ಸಾವಿರ ಬೇಕೇ ಬೇಕು. ಹಾಗಾಗಿ ಒಟ್ಟು ಮೊತ್ತ ಸಣ್ಣ ಊರಿನ ನೇರ ಪದವಿಗಿಂತ ಹೆಚ್ಚೇ, ಒಂದೂಕಾಲು ಕೋಟಿಯ ಹತ್ತಿರ ಬರುತ್ತದೆ. ದೊಡ್ಡ ವಿಶ್ವವಿದ್ಯಾಲಯದ ಪದವಿಯೇ ಬೇಕು, ಪಿಯುಸಿ ಅಂಕ ಅಲ್ಲಿಗೆ ನೇರ ಸೀಟು ಸಿಗುವಷ್ಟಿಲ್ಲ ಎನ್ನುವವರಿಗೆ ಇದು ಒಳ್ಳೆಯ ದಾರಿ. ಬರೀ ದುಡ್ಡು ಉಳಿಸಲು ಹೊರಟವರಿಗೆ ಅಲ್ಲ.

ಅಪಾಯ ಇರುವುದು ನಡುವಿನ ದಾಟಿನಲ್ಲಿ. 2024ರ ನವೆಂಬರಿನಿಂದ ಓದುವ ಸಂಸ್ಥೆ ಬದಲಿಸಬೇಕಾದರೆ ಹೊಸ ಸ್ಟಡಿ ಪರ್ಮಿಟ್ ಬೇಕು. ಮೊದಲಾಗಿದ್ದರೆ ಆನ್‌ಲೈನಿನಲ್ಲಿ ತಿಳಿಸಿದರೆ ಸಾಕಿತ್ತು. ಈಗ ಅದೇ ಅರ್ಜಿ, ಅದೇ ದುಡ್ಡಿನ ದಾಖಲೆ, ಪ್ರಾಂತ್ಯದ ಪತ್ರ ಎಲ್ಲ ಎರಡನೇ ಸಲ. ದಾಟಲಾಗದೆ ಎರಡು ವರ್ಷದ ಡಿಪ್ಲೊಮಾದಲ್ಲೇ ನಿಂತರೆ ವರ್ಕ್ ಪರ್ಮಿಟ್ಟಿಗೂ ತೊಡಕು. 2024ರ ನವೆಂಬರ್ 1ರ ನಂತರ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರಲ್ಲಿ ಕಾಲೇಜು ಡಿಪ್ಲೊಮಾದವರಿಗೆ ಅವರ ವಿಷಯ ಸರ್ಕಾರದ ಪಟ್ಟಿಯಲ್ಲಿದ್ದರೆ ಮಾತ್ರ ಓದಿನ ನಂತರದ ವರ್ಕ್ ಪರ್ಮಿಟ್. ಬ್ಯಾಚುಲರ್, ಮಾಸ್ಟರ್, ಪಿಎಚ್‌ಡಿ ಪದವೀಧರರಿಗೆ ಈ ಪಟ್ಟಿಯ ಗೊಡವೆಯಿಲ್ಲ, ಭಾಷೆಯ ಪರೀಕ್ಷೆ ಮಾತ್ರ ಎಲ್ಲರಿಗೂ ಇದೆ.

ಇದೇ ಜಾಗದಲ್ಲಿ ಇನ್ನೊಂದು ಗುಂಡಿ. ಸರ್ಕಾರಿ ಕಾಲೇಜಿನ ಪಠ್ಯಕ್ರಮವನ್ನು ಖಾಸಗಿ ಕಾಲೇಜಿನವರು ಪರವಾನಗಿ ಪಡೆದು ನಡೆಸುವ ಕ್ಯಾಂಪಸ್‌ಗಳಿವೆ. ಬೋರ್ಡಿನ ಮೇಲೆ ಸರ್ಕಾರಿ ಕಾಲೇಜಿನ ಹೆಸರೇ ಇರುತ್ತದೆ. 2024ರ ಮೇ 15ರ ನಂತರ ಅಂಥಲ್ಲಿ ಸೇರಿದವರಿಗೆ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಆಫರ್ ಲೆಟರಿನಲ್ಲಿ ಕ್ಯಾಂಪಸ್ಸಿನ ವಿಳಾಸ ನೋಡಿ, ಆ ವಿಳಾಸದಲ್ಲಿ ಪಾಠ ಮಾಡುವವರು ಯಾರು ಎಂದು ಕಾಲೇಜಿಗೇ ಇಮೇಲ್ ಮಾಡಿ ಕೇಳಿ.

ಪದವಿ ಊರಲ್ಲಿ, ಎಂಎಸ್ಸಿ ಕೆನಡಾದಲ್ಲಿ

ನಾನು ನಡೆದ ದಾರಿ ಇದು. ಪಕ್ಷಪಾತ ಇರಬಹುದು, ಆದರೆ ಅಂಕಿಗಳು ನಿಮ್ಮ ಮುಂದೆಯೇ ಇವೆ.

ಕೆನಡಾದ ಮಾಸ್ಟರ್ಸ್‌ನಲ್ಲಿ ಎರಡು ಬಗೆ. ಒಂದು ಬರೀ ಕೋರ್ಸುಗಳದ್ದು, ಎಂಇಂಗ್, ಎಂಬಿಎ ಥರದ್ದು. ಅದರ ಫೀಸು ದುಬಾರಿ, ಕೈಯಿಂದಲೇ ಕಟ್ಟಬೇಕು. ಇನ್ನೊಂದು ಪ್ರಬಂಧ ಬರೆದು ಪಡೆಯುವುದು, ಎಂಎಸ್ಸಿ ಅಥವಾ ಎಂಎಎಸ್ಸಿ. ವಿಜ್ಞಾನ, ಕೃಷಿ, ಎಂಜಿನಿಯರಿಂಗ್‌ಗಳಲ್ಲಿ ಈ ಎರಡನೇ ಬಗೆಗೆ ಪ್ರೊಫೆಸರು ತಮ್ಮ ಸಂಶೋಧನಾ ಹಣದಿಂದ ಸ್ಟೈಪೆಂಡ್ ಕೊಡುವುದು ವಾಡಿಕೆ. ವರ್ಷಕ್ಕೆ ಸಾಮಾನ್ಯವಾಗಿ 18ರಿಂದ 25 ಸಾವಿರ ಡಾಲರ್. ಪ್ರೇರಿ ಪ್ರಾಂತ್ಯಗಳಲ್ಲಿ ಇಂಥ ಕೋರ್ಸಿನ ಫೀಸು ವರ್ಷಕ್ಕೆ ಹತ್ತು ಸಾವಿರದ ಆಸುಪಾಸು. ಫೀಸು ಕಟ್ಟಿ ಉಳಿದದ್ದರಲ್ಲಿ ಕೋಣೆ, ಊಟ, ಬಸ್ಸು, ಬಿಗಿ ಹಿಡಿದು ನಡೆಸಬಹುದು. ಊರಿನಿಂದ ತಂದ ರಾಗಿ ಹಿಟ್ಟು ಮುಗಿದ ಮೇಲೆ ನಾನು ಒಂದು ಚಳಿಗಾಲ ಪೂರ್ತಿ ಸ್ಥಳೀಯ ಮಸೂರ ಬೇಳೆಯ ಸಾರಿನಲ್ಲೇ ಕಳೆದೆ. ಭಾರತ ಆಮದು ಮಾಡಿಕೊಳ್ಳುವ ಮಸೂರದ ದೊಡ್ಡ ಪಾಲು ಬೆಳೆಯುವ ಸೀಮೆ ಅದು, ಅದೊಂದು ಅಲ್ಲಿ ಅಗ್ಗ. ಮನೆಯಿಂದ ಬೇಕಾದದ್ದು ವಿಮಾನದ ಟಿಕೆಟ್, 150 ಡಾಲರ್ ಸ್ಟಡಿ ಪರ್ಮಿಟ್, 85 ಡಾಲರ್ ಬಯೋಮೆಟ್ರಿಕ್ಸ್, ಮೊದಲ ಬಾಡಿಗೆ, ಡೆಪಾಸಿಟ್, ಚಳಿಯ ಬಟ್ಟೆ. ಮೂರು ನಾಲ್ಕು ಲಕ್ಷ. ತೋರಿಸಬೇಕಾದ ದುಡ್ಡಿನಲ್ಲಿ ಸ್ಟೈಪೆಂಡಿನ ಪತ್ರವೂ ಲೆಕ್ಕಕ್ಕೆ ಬರುತ್ತದೆ.

ಪರ್ಮಿಟ್ಟಿನ ವಿಷಯದಲ್ಲೂ ಈಗ ಇದೇ ದಾರಿ ಸಲೀಸು. 2026ರ ಜನವರಿ 1ರಿಂದ ಸಾರ್ವಜನಿಕ ಸಂಸ್ಥೆಗಳ ಮಾಸ್ಟರ್ಸ್, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪ್ರಾಂತ್ಯದ ದೃಢೀಕರಣ ಪತ್ರ ಬೇಕಿಲ್ಲ. ಮಾಸ್ಟರ್ಸ್ ಎರಡು ವರ್ಷಕ್ಕಿಂತ ಕಡಿಮೆ ಅವಧಿಯದ್ದಾದರೂ ಮೂರು ವರ್ಷದ ವರ್ಕ್ ಪರ್ಮಿಟ್ಟಿಗೆ ಅರ್ಹತೆ ಇದೆ. ಮದುವೆಯಾದವರು ಇನ್ನೊಂದನ್ನು ಗಮನಿಸಿ. 2025ರ ಜನವರಿ 21ರಿಂದ ಸಂಗಾತಿಗೆ ಓಪನ್ ವರ್ಕ್ ಪರ್ಮಿಟ್ (ಒಂದೇ ಕಂಪನಿಗೆ ಕಟ್ಟುಬೀಳದೆ ದುಡಿಯುವ ಅನುಮತಿ) ಬೇಕಾದರೆ ನಿಮ್ಮ ಮಾಸ್ಟರ್ಸ್ ಕನಿಷ್ಠ 16 ತಿಂಗಳಿನದ್ದಾಗಿರಬೇಕು. ಮುಂದೆ ಪಿಎಚ್‌ಡಿ ಮಾಡುವುದಾದರೆ, ಟೊರೊಂಟೊ ವಿಶ್ವವಿದ್ಯಾಲಯ 2018ರಿಂದ ಬಹುಪಾಲು ವಿದೇಶಿ ಪಿಎಚ್‌ಡಿ ವಿದ್ಯಾರ್ಥಿಗಳಿಂದ ಕೆನಡಾದವರಷ್ಟೇ ಫೀಸು ತೆಗೆದುಕೊಳ್ಳುತ್ತಿದೆ.

ಇಷ್ಟು ಚೆನ್ನಾಗಿದ್ದರೆ ಏಜೆಂಟರು ಯಾಕೆ ಹೇಳುವುದಿಲ್ಲ ಎಂದು ತುಂಬ ಜನ ಕೇಳುತ್ತಾರೆ. ಏಜೆಂಟರಿಗೆ ಕಮಿಷನ್ ಬರುವುದು ವಿದ್ಯಾರ್ಥಿ ಕಟ್ಟುವ ಫೀಸಿನಿಂದ, ಕಾಲೇಜಿನ ಕಡೆಯಿಂದ. ಪ್ರೊಫೆಸರು ದುಡ್ಡು ಕೊಟ್ಟು ಕರೆಸಿಕೊಳ್ಳುವ ಸೀಟಿನಲ್ಲಿ ಅವರಿಗೆ ಏನೂ ಗಿಟ್ಟುವುದಿಲ್ಲ. ಹಾಗಾಗಿ ಈ ಕೆಲಸವನ್ನು ನೀವೇ ಮಾಡಬೇಕು, ಸುಲಭವೂ ಅಲ್ಲ. ಸೆಪ್ಟೆಂಬರಿಗೆ ಸೇರಬೇಕಾದರೆ ಹಿಂದಿನ ವರ್ಷದ ಆಗಸ್ಟ್‌ನಿಂದಲೇ ಪ್ರೊಫೆಸರುಗಳಿಗೆ ಬರೆಯಬೇಕು. ನಾನು 43 ಇಮೇಲ್ ಕಳಿಸಿದ್ದೆ. ಮೊದಲ ಮೂವತ್ತರಲ್ಲಿ "ರೆಸ್ಪೆಕ್ಟೆಡ್ ಸರ್, ನನಗೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಓದುವ ಬಹಳ ಆಸೆ" ಎಂದೇ ಶುರು ಮಾಡಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ಆಮೇಲೆ ಪ್ರತಿಯೊಬ್ಬರ ಒಂದು ಲೇಖನ ಓದಿ, ಅದರಲ್ಲಿ ನನಗೆ ಅರ್ಥವಾದ ಒಂದು ಅಂಶ, ಅರ್ಥವಾಗದ ಒಂದು ಪ್ರಶ್ನೆ, ಅದಕ್ಕೆ ಹೊಂದುವ ನನ್ನ ಧಾರವಾಡದ ಹೊಲದ ಕೆಲಸ ಇಷ್ಟನ್ನು ಎಂಟು ಸಾಲಿನಲ್ಲಿ ಬರೆದೆ. ಉಳಿದ ಹದಿಮೂರರಲ್ಲಿ ನಾಲ್ವರು ಉತ್ತರಿಸಿದರು, ಒಬ್ಬರು ಕರೆದರು.

ಬಿಇ ಮೂರನೇ ವರ್ಷದಲ್ಲಿರುವವರು ಮೈಟ್ಯಾಕ್ಸ್ ಗ್ಲೋಬಲಿಂಕ್ ಇಂಟರ್ನ್‌ಶಿಪ್ಪನ್ನು ನೋಡಲೇಬೇಕು. 12 ವಾರ ಕೆನಡಾದ ಪ್ರಯೋಗಾಲಯದಲ್ಲಿ ಕೆಲಸ, ಅದಕ್ಕೆ ಧನಸಹಾಯವೂ ಇದೆ. ಪ್ರೊಫೆಸರರ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ.

ತೊಡಕು ಏನು? ಒಂದು, ನಾಲ್ಕು ವರ್ಷ ಕಾಯಬೇಕು, ಅಂಕ ಚೆನ್ನಾಗಿರಬೇಕು. ಎರಡು, ಕೆನಡಾದ ಬಹುಪಾಲು ಮಾಸ್ಟರ್ಸ್ ಕೋರ್ಸುಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಬಿಇ, ಬಿಎಸ್ಸಿ ಅಗ್ರಿ ಓದಿದವರಿಗೆ ಚಿಂತೆಯಿಲ್ಲ. ಆದರೆ ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದೇವೆ. ಮಾಮೂಲಿ ಬಿಎಸ್ಸಿ, ಬಿಕಾಂ, ಬಿಎ ಓದುವವರು ಊರಲ್ಲೇ ಎಂಎಸ್ಸಿಯನ್ನೋ ಎಂಎಯನ್ನೋ ಮುಗಿಸಿ ಅರ್ಜಿ ಹಾಕಬೇಕಾಗಬಹುದು. ಮೂರು, ಕಾಮರ್ಸು, ಮ್ಯಾನೇಜ್‌ಮೆಂಟ್, ಬರೀ ಸಾಫ್ಟ್‌ವೇರ್ ಕೆಲಸ ಬೇಕೆನ್ನುವವರಿಗೆ ಸಂಶೋಧನೆಯ ಸೀಟು ಹೊಂದುವುದಿಲ್ಲ. ಎರಡು ವರ್ಷ ಒಂದೇ ಪ್ರಶ್ನೆಯ ಹಿಂದೆ ಬೀಳುವ ತಾಳ್ಮೆ ಬೇಕು.

ಇನ್ನುಳಿದ ದಾರಿಗಳು

ಮನೆಯಲ್ಲೇ ಕೂತು ಓದಬೇಕೆನ್ನುವವರಿಗೆ ಆಲ್ಬರ್ಟಾದ ಅಥಾಬಾಸ್ಕಾ ವಿಶ್ವವಿದ್ಯಾಲಯ ಇದೆ. 1970ರಲ್ಲಿ ಶುರುವಾದ ಸಾರ್ವಜನಿಕ ಸಂಸ್ಥೆ, ಓದೆಲ್ಲ ಆನ್‌ಲೈನ್. ಕೋರ್ಸಿಗೆ ಇಷ್ಟೆಂದು ಫೀಸು, ಹೊರದೇಶದವರಿಗೆ ಸ್ವಲ್ಪ ಹೆಚ್ಚು. ಸ್ಟಡಿ ಪರ್ಮಿಟ್ ಬೇಡ, ಬಾಡಿಗೆ ಇಲ್ಲ, ಇರುವ ಕೆಲಸ ಬಿಡಬೇಕಿಲ್ಲ. ಆದರೆ ಇದರಿಂದ ಕೆನಡಾದ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಭಾರತದಲ್ಲಿ ಸರ್ಕಾರಿ ನೌಕರಿಗೋ ಮುಂದಿನ ಓದಿಗೋ ತೋರಿಸುವ ಯೋಚನೆ ಇದ್ದರೆ ವಿದೇಶಿ ಆನ್‌ಲೈನ್ ಪದವಿಗಳ ತತ್ಸಮಾನತೆಯ ನಿಯಮ ಮೊದಲು ಓದಿ. ಕಂಪನಿಯಲ್ಲಿ ಬಡ್ತಿಗೆ ಪದವಿ ಬೇಕಾದ ಮಧ್ಯವಯಸ್ಸಿನವರಿಗೆ ಇದು ಹೊಂದೀತು. ಹದಿನೆಂಟರ ಹುಡುಗರಿಗೆ ನಾನು ಹೇಳುವುದಿಲ್ಲ.

ಕ್ವಿಬೆಕ್ ಒಂದು ಕಾಲಕ್ಕೆ ಅಗ್ಗವೆಂದು ಹೆಸರಾಗಿತ್ತು. ಈಗ ಇಂಗ್ಲಿಷ್ ವಿಶ್ವವಿದ್ಯಾಲಯಗಳಲ್ಲಿ ಆ ಮಾತಿಲ್ಲ. ಫ್ರೆಂಚ್ ಬಲ್ಲವರಿಗೆ ಕತೆಯೇ ಬೇರೆ. ಒಟ್ಟಾವಾ ವಿಶ್ವವಿದ್ಯಾಲಯ ಫ್ರೆಂಚ್‌ನಲ್ಲಿ ಓದುವ ಅರ್ಹ ವಿದೇಶಿ ವಿದ್ಯಾರ್ಥಿಗಳ ಫೀಸನ್ನು ಬಹಳಷ್ಟು ಇಳಿಸುತ್ತದೆ. ಶಾಲೆಯಿಂದಲೂ ಫ್ರೆಂಚ್ ಕಲಿತ ಮಕ್ಕಳಿದ್ದರೆ ಇದನ್ನು ಬಿಡಬೇಡಿ.

ದುಡ್ಡು ಹೊಂದಿಸುವಾಗ ಒಂದೆರಡು ವಿಷಯ ನೆನಪಿರಲಿ. ವಿದೇಶದ ಓದಿಗೆ ಕಳಿಸುವ ಹಣ ಬ್ಯಾಂಕಿನ ಶಿಕ್ಷಣ ಸಾಲದ್ದಾದರೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ, ಹಿಡಿಯುವುದಿಲ್ಲ. ಸ್ವಂತ ದುಡ್ಡಾದರೆ ವರ್ಷಕ್ಕೆ 10 ಲಕ್ಷದ ಮೇಲೆ ಹಿಡಿಯುತ್ತಾರೆ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ರಾಜ್ಯದ ಪ್ರಬುದ್ಧ ಯೋಜನೆಯನ್ನೂ ಕೇಂದ್ರದ ವಿದೇಶ ವ್ಯಾಸಂಗ ವಿದ್ಯಾರ್ಥಿವೇತನವನ್ನೂ ಕೇಳಿ ನೋಡಲೇಬೇಕು.

ಈಗ ನಿಮ್ಮ ಮನೆಯ ಲೆಕ್ಕ

ಸಾಲವಿಲ್ಲದೆ ಒಂದು ಕೋಟಿ ಹೊಂದಿಸಬಲ್ಲವರು, ಮಗು ಪಿಯುಸಿ ಆದ ಕೂಡಲೇ ಹೋಗಲಿ ಎನ್ನುವವರು ಸಣ್ಣ ಊರಿನ ಸಾರ್ವಜನಿಕ ವಿಶ್ವವಿದ್ಯಾಲಯ ನೋಡಿ. ಒಂದೂಕಾಲು ಕೋಟಿ ಇದೆ, ವ್ಯಾಂಕೂವರಿನಲ್ಲಿ ನೆಂಟರ ಮನೆಯೂ ಇದೆ ಎಂದರೆ ಎರಡು ಪ್ಲಸ್ ಎರಡರ ದಾರಿ ಚೆನ್ನ. ಅಲ್ಲಿ ಬಾಡಿಗೆ ಉಳಿದರೆ ಲೆಕ್ಕವೇ ತಿರುಗಿಬೀಳುತ್ತದೆ. ಅಡವಿಡಲು ಮನೆಯೋ ತೋಟವೋ ಒಂದೇ ಇರುವವರಿಗೆ ನನ್ನ ಮಾತು ಸ್ಪಷ್ಟ: ಬ್ಯಾಚುಲರ್ ಪದವಿಗಾಗಿ ಅದನ್ನು ಅಡವಿಡಬೇಡಿ. ನಾಲ್ಕು ವರ್ಷದಲ್ಲಿ ನಿಯಮ ಎಷ್ಟು ಸಲ ಬದಲಾಗಬಹುದು ಎನ್ನುವುದಕ್ಕೆ ಮೇಲೆ ಬರೆದ ತಾರೀಖುಗಳೇ ಸಾಕ್ಷಿ.

ತಿಪಟೂರಿನವರಿಗೂ ಇದನ್ನೇ ಹೇಳಿದ್ದೆ. ಅವರು ಒಂದು ನೋಟ್‌ಬುಕ್ಕಿನಲ್ಲಿ ಮೂರು ಆಫರಿಗೂ ನಾಲ್ಕು ವರ್ಷದ ಲೆಕ್ಕ ಬರೆದು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿದರು. ಕೊಬ್ಬರಿ ಮಾರಿದ ಲೆಕ್ಕ ಬರೆಯುವ ಅದೇ ಪುಸ್ತಕ. ಮೂರನ್ನೂ ಅಡ್ಡ ಗೆರೆ ಎಳೆದು ಹೊಡೆದುಹಾಕಿದ್ದರು. ಹುಡುಗಿ ಸಿಇಟಿ ಬರೆದಿದ್ದಳು, ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆದಳು. ಈಗ ಬೆಂಗಳೂರಿನ ಜಿಕೆವಿಕೆಯಲ್ಲಿ ಬಿಎಸ್ಸಿ ಅಗ್ರಿ ಮೊದಲ ವರ್ಷ. ಮೊನ್ನೆ ಅವಳೇ ಮೆಸೇಜ್ ಮಾಡಿದ್ದಳು. ತೆಂಗಿನ ಕಪ್ಪು ತಲೆ ಹುಳುವಿನ ಬಗ್ಗೆ ಒಂದು ಲೇಖನ ಓದಿದಳಂತೆ, ಬರೆದವರಿಗೆ ಇಮೇಲ್ ಮಾಡಲು ಇದು ತೀರಾ ಬೇಗವೇ ಎಂದು ಕೇಳಿದಳು. ಪ್ರಶ್ನೆ ಇದ್ದರೆ ಇವತ್ತೇ ಬರಿ ಅಂದೆ.